ಗೇಟಿನ ಬಳಿ ಹೊದಿಸಿದ್ದ ಕಂಬಳಿ

“ಅಜ್ಜಿ, ಏಳಿ ಅಜ್ಜಿ!” ಕೂಗು ಕೇಳಿ ಬಾಗಿಲು ತೆಗೆದೆ. ಮುಸ್ಸಂಜೆಯಲ್ಲಿ ಪಕ್ಕದ ಮನೆಯ ಸ್ಮಿತಾ ನಮ್ಮ ಗೇಟಿನ ಬಳಿ ಮಂಡಿಯೂರಿ, ನನ್ನ ಕಂಬಳಿಯನ್ನು ಎರಡು ಕೈಯಲ್ಲೂ ಒತ್ತಿ ಅಲುಗಿಸುತ್ತಿದ್ದಳು.

“ನಾನಿಲ್ಲಿದೀನಿ ಕಣೇ! ಅದು ಹಸಿ ಸಿಮೆಂಟು, ಕೈ ತೆಗಿ!” ಎಂದೆ.

ಅಲ್ಲಿ ಒಡೆದಿದ್ದ ಕಾಂಕ್ರೀಟ್ ದಾರಿಯಲ್ಲಿ ತುಂಬು ಬಸುರಿ ಸೊಸೆ ಎಡವಿದ್ದಳು. ಬಿದ್ದರೆ ಗತಿಯೇನೆಂದು ಮಧ್ಯಾಹ್ನ ನಾನೇ ಸಿಮೆಂಟು ಮೆತ್ತಿದ್ದೆ. ಮೆಲ್ಬರ್ನ್ ಚಳಿಗೆ ಅದು ಗಟ್ಟಿಯಾಗದೆ ಪುಡಿಯಾದೀತೆಂದು ಹೆದರಿ ಕಂಬಳಿ ಹೊದಿಸಿದ್ದೆ.

“ನೀವು ಬಿದ್ದು ಸತ್ತೇ ಹೋದ್ರಿ ಅಂದ್ಕೊಂಡೆ! ಆಂಬುಲೆನ್ಸಿಗೆ ಕಾಲ್ ಮಾಡೋಳಿದ್ದೆ,” ಎಂದು ಸ್ಮಿತಾ ಅತ್ತಳು.

“ಸತ್ತರೆ ಸಿಮೆಂಟು ಯಾರು ಮೆತ್ತೋದು?” ಎಂದೆ.

ಸಿಮೆಂಟು ಗಟ್ಟಿಯಾಯಿತು. ಅವಳ ಅಂಗೈ ಒತ್ತಿದ ಗುರುತು ಅದರಲ್ಲಿ ಉಳಿದಿದೆ. ಒರಟಾಗಿದ್ದರೆ ಕಾಲು ಜಾರುವುದಿಲ್ಲವೆಂದು ಹಾಗೇ ಬಿಟ್ಟಿದ್ದೇನೆ. ಆದರೂ ಸೊಸೆ ಅದನ್ನು ದಾಟುವವರೆಗೆ ನಾನು ಬಾಗಿಲು ಬಿಟ್ಟು ಕದಲುವುದಿಲ್ಲ.