ಹಲಸಿನ ಮೇಣಕ್ಕೆ ಸಿಗದ ನಟ್ಟು

ಹಲಸಿನ ಮೇಣವನ್ನು ದೀಪಕ್ಕೆ ಹಿಡಿದಾಗ ಬರುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟ ರಬ್ಬರು. ಅದಕ್ಕೆ ಪೆಟ್ರೋಲಿನ ವಾಸನೆಯೂ ಸೇರಿದರೆ ಮುಗಿಯಿತು, ನಾನು ಎಲ್ಲಿದ್ದರೂ ಅರ್ಗಾದ ನಮ್ಮ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತೇನೆ. ಹೋದ ಮೇ ತಿಂಗಳಲ್ಲಿ ಕಾರವಾರದ ಮನೆಯಲ್ಲಿ ನನ್ನ ಬೈಕಿನ ಸೀಟು ಬಿಚ್ಚುವಾಗ ಒಂದು ಸ್ಕ್ರೂ ಜಾರಿ ಒಳಗೆಲ್ಲೋ ಬಿತ್ತು. ಗಂಡ ಫೋನಿನಲ್ಲಿ ಉಪಾಯ ಹುಡುಕತೊಡಗಿದ. ನಾನು ಅಡುಗೆಮನೆಗೆ ಹೋಗಿ, ಹಲಸಿನಕಾಯಿ ಕೊಯ್ದ ಕತ್ತಿಯಿಂದ ಮೇಣ ಕೆರೆದು, ತೆಂಗಿನ ಗರಿಯ ಕಡ್ಡಿಯ ತುದಿಗೆ ಸುತ್ತಿ, ದೀಪಕ್ಕೆ ಹಿಡಿದು ಮೆತ್ತಗೆ ಮಾಡಿಕೊಂಡು ಬಂದೆ. ಎರಡೇ ನಿಮಿಷಕ್ಕೆ ಸ್ಕ್ರೂ ಅಂಟಿಕೊಂಡು ಮೇಲೆ ಬಂತು. "ಯಾರು ಕಲ್ಸಿದ್ರೇ ಇದನ್ನ?" ಅಂದ ಅವನು. ಅಪ್ಪ ಅಂದೆ. ಸ್ಕ್ರೂವಿಗೆ ಅಂಟಿದ ಮೇಣ ಒರೆಸಿ ಅವನ ಕೈಗಿಟ್ಟೆ.

ಅರ್ಗಾದ ಆ ಮನೆ ಈಗಿಲ್ಲ. ಜಾಗವೆಲ್ಲ ನೌಕಾನೆಲೆಯ ಬೇಲಿಯೊಳಗೆ ಸೇರಿ ಎಷ್ಟೋ ವರ್ಷವಾಯಿತು. ನಮ್ಮಲ್ಲಿ ಹಲಸಿನ ಕಾಲ ಬಂತೆಂದರೆ ಮೇಣ ಒರೆಸಿದ ಕೋಲನ್ನು ಯಾರೂ ಎಸೆಯುತ್ತಿರಲಿಲ್ಲ. ಮಾಡಿನ ಸಂದಿಗೆ ಸಿಕ್ಕಿಸಿಟ್ಟು, ಸೋರುವ ಕೊಡಪಾನಕ್ಕೂ ಸೀಳಿದ ಮೊರಕ್ಕೂ ವರ್ಷವಿಡೀ ಅದನ್ನೇ ಕಾಯಿಸಿ ಮೆತ್ತುತ್ತಿದ್ದರು. ಅಪ್ಪ ಅದನ್ನು ಮೋಟಾರ್ ಸೈಕಲ್ಲಿಗೂ ತಂದ. ಕದ್ರಾದಲ್ಲಿ ಕೆಲಸ ಅವನಿಗೆ, ದಿನಾ ಅದರಲ್ಲೇ ಓಡಾಟ. ರಜೆಯ ದಿನ ಅಂಗಳದಲ್ಲಿ ಗೋಣಿಚೀಲ ಹಾಸಿ ಗಾಡಿ ಬಿಚ್ಚಿ ಕೂತರೆ ಒಂದಲ್ಲ ಒಂದು ನಟ್ಟು ಒಳಗೆ ಬೀಳಲೇಬೇಕು. ಒಂಬತ್ತು ವರ್ಷದ ನನ್ನ ಕೈ ಸಣ್ಣದು, ಕಣ್ಣು ಚುರುಕು. "ತಂಗೀ, ಬಾರೇ, ನಿನ್ ಕೆಲ್ಸ ಬಂತು" ಅಂತ ಕರೆಯುತ್ತಿದ್ದ. ಜಗತ್ತಿನಲ್ಲಿ ಅವನಷ್ಟು ಒಳ್ಳೆಯವನು ಇನ್ನೊಬ್ಬನಿಲ್ಲ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು!

ಆಯಿ ಮದುವೆಗೆ ಮುಂಚೆ ಟೀಚರ್ ಟ್ರೇನಿಂಗ್ ಮುಗಿಸಿದವಳು. ನನ್ನನ್ನು ಹೆತ್ತು, ಅತ್ತೆ ಮಾವನನ್ನು ನೋಡಿಕೊಂಡು, ಅವರಿಬ್ಬರೂ ಹೋದ ಮೇಲೆ ಅಂಕೋಲೆಯ ಒಂದು ಶಾಲೆಗೆ ಅರ್ಜಿ ಹಾಕಿದಳು. ಶನಿವಾರ ಹನ್ನೊಂದಕ್ಕೆ ಸಂದರ್ಶನಕ್ಕೆ ಬನ್ನಿ ಎಂದು ಕಾಗದ ಬಂತು. ಅಪ್ಪ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಆಯಿ ಜಗಳವನ್ನಾದರೂ ಆಡುತ್ತಿದ್ದಳು. ಅವನು ಊರೆಲ್ಲ ಹೇಳಿಕೊಂಡು ತಿರುಗಿದ, ನಮ್ಮನೆಯವಳು ಮಾಸ್ತರಿಣಿ ಆಗ್ತಾಳೆ ಅಂತ. ಶನಿವಾರ ರಜೆಯನ್ನೂ ಹಾಕಿದ. "ಬಸ್ಸ್ ಎಂತಕೆ? ನಾ ಬಿಟ್ಟ್ ಬತ್ತೆ" ಅಂದ. ದೂರ ಹೋಗುವ ಮೊದಲು ಪ್ಲಗ್ ಬಿಚ್ಚಿ ಉಜ್ಜುವುದು ಅವನ ರೂಢಿ. ಬೆಳಿಗ್ಗೆ ಎಂಟಕ್ಕೆ ಗೋಣಿಚೀಲ ಹಾಸಿದ. ಒಂಬತ್ತಕ್ಕೆ ಸ್ವಲ್ಪ ಮುಂಚೆ "ಛೇ!" ಎಂದು ಹಣೆ ಬಡಿದುಕೊಂಡ. ಪ್ಲಗ್ಗಿನ ತುದಿಗೆ ತಿರುಗಿಸುವ ಕಡಲೆಕಾಳಿನಷ್ಟು ನಟ್ಟು ಎಂಜಿನ್ನಿನ ತೂತಿನೊಳಗೆ ಬಿತ್ತಂತೆ. ಅದನ್ನು ತೆಗೆಯದೆ ಗಾಡಿ ಚಾಲೂ ಮಾಡಿದರೆ ಎಂಜಿನ್ನೇ ಹೋಯಿತು. ಹಿತ್ತಾಳೆಯ ನಟ್ಟು, ಅಯಸ್ಕಾಂತಕ್ಕೆ ಬರುವುದಿಲ್ಲ. ಮೇಣವೇ ಗತಿ.

ಆ ಎರಡು ತಾಸು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಂಜಿ ಹಾಕಿದ ತಿಳಿಹಸಿರು ನೂಲಿನ ಸೀರೆಯುಟ್ಟು, ಸರ್ಟಿಫಿಕೇಟಿನ ಚೀಲ ಪಕ್ಕದಲ್ಲಿಟ್ಟುಕೊಂಡು ಆಯಿ ಮೆಟ್ಟಿಲ ಮೇಲೆ ಕೂತು, ಗಾಡಿಯಿಂದ ದೂರದಲ್ಲಿ ದೀಪ ಹಚ್ಚಿ ತಾನೇ ಮೇಣ ಕಾಯಿಸಿ ಕಾಯಿಸಿ ಕೊಟ್ಟಳು. ಬೆರಳಿಗೆಲ್ಲ ಅಂಟು, ಸೆರಗಿಗೂ ಅಂಟು. ನಾನು ಕಡ್ಡಿ ಇಳಿಸುತ್ತಿದ್ದೆ, ತೆಗೆಯುತ್ತಿದ್ದೆ. ಬರೀ ಕರಿ ಮಸಿ. "ಹೌದನ್ರಾ, ನಾ ಬಸ್ಸಿಗೇ ಹೋಗ್ಲಾ?" ಎಂದು ಆಯಿ ಎದ್ದಾಗಲೆಲ್ಲ ಅವನದು ಒಂದೇ ಮಾತು: "ಹತ್ತೇ ಮಿನಿಟು. ಸಿಕ್ಕೇ ಬಿಡ್ತದೆ ಈಗ." ಒಂಬತ್ತರ ಬಸ್ಸು ಹೋಯಿತು. ಹತ್ತರದ್ದೂ ಹೋಯಿತು. ಆಯಿಯ ಕೆಲಸ ನನ್ನ ಕಡ್ಡಿಯ ತುದಿಯಲ್ಲಿದೆ ಎಂದು ನಾನು ಅಳುತ್ತ ಕೆದಕುತ್ತಿದ್ದೆ. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಹನ್ನೊಂದು ಹೊಡೆದಾಗ ಆಯಿ ದೀಪ ಆರಿಸಿ ಒಳಗೆ ಹೋಗಿ ಸೀರೆ ಬದಲಿಸಿದಳು.

ಊಟವಾದ ಮೇಲೆ ಒಗೆಯುವ ಬಟ್ಟೆ ಹಿತ್ತಲಿಗೆ ಒಯ್ದೆ. ಅಪ್ಪನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಅಡಿಕೆ ಚೂರು ಇರುತ್ತಿತ್ತು, ತಡವಿ ನೋಡಿ ನೆನೆಹಾಕುವುದು ನನ್ನ ಕೆಲಸ. ಕೈಗೆ ಅದೇ ಹಿತ್ತಾಳೆಯ ನಟ್ಟು ಸಿಕ್ಕಿತು. ಮೇಣ ತಾಗಿರಲಿಲ್ಲ, ಮಸಿ ಹಿಡಿದಿರಲಿಲ್ಲ, ಚೊಕ್ಕ ಹೊಳೆಯುತ್ತಿತ್ತು. ತಲೆಯೆತ್ತಿದರೆ ಎದುರಿಗೆ ಅಪ್ಪ. ಗದರಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. "ಆಯಿ ಹತ್ರ ಹೇಳೂದ್ ಬೇಡ ತಂಗೀ" ಎಂದು ತಲೆ ಸವರಿ ನಟ್ಟು ತೆಗೆದುಕೊಂಡ. ಸಂಜೆ ಗಾಡಿ ಗುಡುಗುಡು ಅಂದಿತು. ಅವನು ಅಂಗಳದಿಂದಲೇ ಕೂಗಿದ, "ಕೇಳ್ತಾ? ಕಡೆಗೂ ಸಿಕ್ತು! ನಿನ್ ಮಗಳೇ ತೆಗ್ದಿದ್ದು!" ಆಯಿ ಬಾಗಿಲಿಗೆ ಬಂದು ನನ್ನ ಮುಖವನ್ನೇ ನೋಡಿದಳು. "ಹೌದನೇ?" ಅಂದಳು. ನಾನು ಹೌದು ಅಂದೆ.

ಅವನು ನಮ್ಮಿಬ್ಬರ ಕಣ್ಣಿಗೂ ಮಣ್ಣೆರಚಿದ, ಮೇಲಿಂದ ನನ್ನ ಬಾಯಿಗೆ ಬೀಗ ಹಾಕಿದ ಎಂದು ಮೂವತ್ತು ವರ್ಷ ಒಳಗೊಳಗೇ ಕುದಿದೆ. ದೊಡ್ಡವಳಾದ ಮೇಲೆ ಅವನ ಗಾಡಿಯ ಹಿಂದೆ ಕೂರಲಿಲ್ಲ. ಅವನು ತೀರಿಕೊಂಡಾಗ ಅತ್ತಿದ್ದೆ, ಆದರೆ ಸಿಟ್ಟು ಹೋಗಲಿಲ್ಲ. ಅವನ ವರ್ಷಾಂತಿಕ ಮುಗಿದ ಮರುದಿನ ತಡೆಯಲಾರದೆ ಆಯಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬಸಳೆ ಸೋಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ಮಗಾ. ಹಿತ್ತಲ್ದಾಗೆ ನೀ ಅದನ್ನ ಹಿಡ್ಕಂಡ್ ನಿಂತದ್ದು ಕಿಟಕಿಯಿಂದ ಕಂಡಿತ್ತು ನಂಗೆ. ಅವ್ರದ್ದು ಬಿಡು, ಅವ್ರು ಅಷ್ಟೇ. ಸಂಜೆ ನಿನ್ ಹತ್ರ ಕೇಳ್ದೆ ಅಲ್ಲ? ನೀನೂ ಹೌದು ಅಂದಿ. ಮತ್ತೆ ಅರ್ಜಿ ಹಾಕೂಕೆ ಮನ್ಸೇ ಬರ್ಲಿಲ್ಲ."

ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಎಂದೋ ಮುಗಿದ ಮಾತಿನಂತೆ ಹೇಳಿದಳು. ದಂಟು ಒಂದು ಕಡೆ, ಎಲೆ ಒಂದು ಕಡೆ ಮಾಡಿ ಒಳಗೆ ಹೋದಳು. ಈಗ ಅವಳೂ ಇಲ್ಲ. ಅಪ್ಪನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.