ಅಪ್ಪ ಒಪ್ಪದ ಪಾಠ

ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ಬಸ್ಸಿನೊಳಗೆ, ಕಣದಲ್ಲಿ ಒಣಗುವ ಕಾಫಿ ಹಣ್ಣಿನ ಹುಳಿವಾಸನೆ ನುಗ್ಗಿದರೆ ಸಾಕು, ಎಸ್ಟೇಟಿನ ಆ ರೈಟರ್ ಕ್ವಾರ್ಟರ್ಸ್ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕೆಂಪು ನೆಲದ ಎರಡು ಕೋಣೆ. ದಿನಾ ಇರುವೆಗಳಿಗೆ ಸಕ್ಕರೆ ಹಾಕುತ್ತಿದ್ದ ಅಜ್ಜನೂ ಸೇರಿ ಐದು ಜನ. ಈಗ ಅದನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ನಿಮಗೂ ಅಂಥದ್ದೊಂದು ಮನೆ ಇದ್ದಿರಬೇಕು. ಅಪ್ಪ ಅಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದಕ್ಕಿಂತ ನರ್ಸರಿಯ ಸಸಿಗಳ ನಡುವೆ ಕೂರುವುದೇ ಅವರಿಗೆ ಇಷ್ಟ. ಅವರ ತಂಗಿ ಗಿರಿಜತ್ತೆ ನಮ್ಮೊಂದಿಗೇ ಇದ್ದು, ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಸಂಜೆ ಅತ್ತೆ ಜೀವವಿಕಾಸದ ಪಾಠ ಓದಿಕೊಳ್ಳುವಾಗ ಅಪ್ಪ ಬೆರಳಿನ ಮಣ್ಣು ಒರೆಸುತ್ತ ಪಕ್ಕದಲ್ಲಿ ಕೂರುತ್ತಿದ್ದರು.

"ಇಪ್ಪತ್ತು ವರ್ಷದಿಂದ ಒಳ್ಳೆ ಬೀಜ ಆರ್ಸಿ ಸಸಿ ಮಾಡಿವ್ನಿ ಕಣಮ್ಮಿ. ಗಿಡ ಗಿಡ್ಡ ಆಯ್ತು, ಹಣ್ಣು ದಪ್ಪ ಆಯ್ತು. ಕಾಫಿ ಕಾಫಿಯಾಗೇ ಉಳೀತು. ಮಂಗ ಹೆಂಗೆ ಮನುಷ್ಯ ಆಯ್ತದೆ?"

"ಮಂಗ ಮನುಷ್ಯ ಆಯ್ತು ಅಂತಲ್ಲ ಅಣ್ಣ, ಇಬ್ರಿಗೂ ಮೂಲ ಒಂದೇ. ಅದಕ್ಕೆ ಲಕ್ಷಾಂತರ ವರ್ಷ ಬೇಕು."

"ಅಷ್ಟು ವರ್ಷ ಕೂತು ನೋಡ್ದೋರು ಯಾರು?"

ಅವ್ವ ನಗುತ್ತ ಇಬ್ಬರ ಮುಂದೂ ಕಾಫಿ ಲೋಟ ಇಡುತ್ತಿದ್ದಳು.

ಅಜ್ಜ ತೀರಿಕೊಂಡ ವರ್ಷ ಆ ನಗು ನಿಂತಿತು. ಮಣ್ಣು ಮಾಡಿ ಬಂದ ಕೆಲವೇ ದಿನಕ್ಕೆ ಅತ್ತೆ ಮತ್ತೆ ಪಾಠ ತೆರೆದಾಗ, ಅಪ್ಪ ಪುಸ್ತಕ ಕಿತ್ತು ಅಂಗಳಕ್ಕೆ ಎಸೆದರು. "ಅಪ್ಪಯ್ಯನ ಬುದ್ಧಿ, ಆ ಕರುಣೆ, ಎಲ್ಲಾ ತಂತಾನೇ ಆಗಿದ್ದಾ? ಮಣ್ಣಿಗೆ ಹೋಗಿ ಮುಗ್ದೇ ಹೋಯ್ತಾ?" ಅತ್ತೆ ಪುಸ್ತಕ ಎತ್ತಿಕೊಂಡು ಸೆರಗಿನಿಂದ ಒರೆಸಿದರು. ಆಮೇಲೆ ಅವರಿಗೆ ಮದುವೆಯಾಯಿತು, ಹಾಸನಕ್ಕೆ ಹೋದರು. ಹಬ್ಬಕ್ಕೆ ಬಂದರೂ ಅಣ್ಣ ತಂಗಿಯ ನಡುವೆ ಆ ಮಾತು ಮತ್ತೆ ಬರಲಿಲ್ಲ. ಅಪ್ಪನ ಅನುಮಾನದೊಳಗೆ ಎಷ್ಟು ದುಃಖವಿತ್ತೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಹೋದ ವರ್ಷ, ಆಲೂರಿನ ಬಾಡಿಗೆ ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದರು. ಅತ್ತೆ ಬಂದು ಪಕ್ಕದಲ್ಲಿ ಕೂತಾಗ ಅಪ್ಪ ತಾವಾಗಿಯೇ ಕೇಳಿದರು:

"ಆ ಪಾಠ ಹೇಳಮ್ಮಿ."

"ನೀನು ನಂಬಲ್ವಲ್ಲ ಅಣ್ಣ."

"ಈಗ್ಲೂ ನಂಬಾಕಿಲ್ಲ. ನೀನು ಹೇಳು."

ನೀರಿನ ಜೀವಗಳಿಂದ ಮೊದಲುಮಾಡಿ ಅತ್ತೆ ಎರಡು ದಿನ ಹೇಳಿದರು. ಅಪ್ಪ ಕಣ್ಣು ಮುಚ್ಚಿಕೊಂಡೇ ನಡುನಡುವೆ "ಹೆಂಗೆ?" ಎನ್ನುತ್ತಿದ್ದರು. ಕೆಲವಕ್ಕೆ ಅತ್ತೆಯ ಬಳಿ ಉತ್ತರವಿತ್ತು. ಕೆಲವಕ್ಕೆ "ಅದು ನಂಗೂ ಗೊತ್ತಿಲ್ಲ ಅಣ್ಣ" ಎಂದರು. ಹಾಗೆಂದಾಗಲೆಲ್ಲ ಅಪ್ಪನ ತುಟಿಯಲ್ಲಿ ಸಣ್ಣಗೆ ನಗು ಮೂಡುತ್ತಿತ್ತು.

ಮೂರನೆಯ ದಿನ ಅಪ್ಪ ಹೋದರು. ಮಣ್ಣು ಮಾಡಿ ಬಂದ ಮೇಲೆ ಅತ್ತೆ ಜಗಲಿಯಲ್ಲಿ ನನ್ನ ಕೈ ಹಿಡಿದು ಕೂತರು.

"ಅಷ್ಟು ವರ್ಷ ಪಾಠ ಮಾಡ್ದೆ. ಮಕ್ಕಳೆಲ್ಲ ನಾನು ಹೇಳಿದ್ದನ್ನ ಬರ್ಕೊಂಡು ಹೋದ್ರು ಕಣೆ. ಹೆಂಗೆ ಅಂತ ಕೇಳಿದ್ದು ಅಣ್ಣ ಒಬ್ಬನೇ."