ಗೂಳಿಯ ರಕ್ತ

ಅಗ್ನಿಶಾಮಕ ಠಾಣೆಯಲ್ಲಿ ಅವನಿಗೆ ಗೂಳಿ ಎಂದೇ ಹೆಸರು. ಸುರುಳಿ ಸುತ್ತಿದ ಪೈಪುಗಳನ್ನು ಎರಡೂ ಹೆಗಲಿಗೇರಿಸಿ ದಡದಡ ಮೆಟ್ಟಿಲು ಹತ್ತುವವನು. ತರಬೇತಿ ಮುಗಿದು, ಕೆಲಸ ಕಾಯಂ ಆಗಲು ರಕ್ತಪರೀಕ್ಷೆಯೊಂದೇ ಬಾಕಿಯಿತ್ತು. ಹಿಂದಿನ ತಂಡದವರು ಯಾರೋ ಮೈ ಹುರಿಗಟ್ಟಿಸಲು ಸ್ಟೀರಾಯ್ಡ್ ಚುಚ್ಚಿಸಿಕೊಂಡು ಸಿಕ್ಕಿಬಿದ್ದಿದ್ದರು. ಹುಡುಗರು ಸುರಿಸಿದ ಬೆವರಿನ ಮೇಲೆ ನಂಬಿಕೆ ಹೋಗಿದ್ದ ಮೇಲಿನವರು ಈ ಸಲ ಹಾರ್ಮೋನನ್ನೂ ಅಳೆಸಿದ್ದರು.

ಫಲಿತಾಂಶ ಮೊಬೈಲಿಗೆ ಬಂತು. ಗಂಡಸರ ಹಾರ್ಮೋನು ಟೆಸ್ಟೊಸ್ಟೆರಾನ್ ಎದುರು ದಪ್ಪಕ್ಷರದಲ್ಲಿ ‘ಹೆಚ್ಚು’ ಎಂದಿತ್ತು. ಗೂಳಿ ಎದೆಯುಬ್ಬಿಸಿಕೊಂಡು ಠಾಣೆಗೆಲ್ಲ ತೋರಿಸಿ ಬಂದ. ಕೆಳಗಿನ ಸಾಲಿನಲ್ಲಿ ಎಲ್‌ಎಚ್ ಎಂಬುದು ನೆಲ ಕಚ್ಚಿತ್ತು. ಅದು ಯಾರಿಗೆ ಬೇಕು?

ಪರೀಕ್ಷೆ ನಡೆಸಿದ ಡಾಕ್ಟರಮ್ಮನಿಗೆ ಬೇಕಿತ್ತು. ಮರುದಿನವೇ ಕರೆಸಿದರು. ಜೊತೆಗೆ ಬಂದವನು ಅಕ್ಕನ ಗಂಡ. ಲೇತ್ ಯಂತ್ರದ ಕೆಲಸಗಾರ, ನುಣ್ಣನೆಯ ಬೋಳುತಲೆ. ಆ ತಲೆಗೆ ‘ಹುಣ್ಣಿಮೆ’ ಎಂದು ಹೆಸರಿಟ್ಟು ವರ್ಷಗಟ್ಟಲೆ ಮನೆಯವರನ್ನೆಲ್ಲ ನಗಿಸಿದವನು ಗೂಳಿಯೇ.

“ಯಾವಾಗಿಂದ ಚುಚ್ಚಿಸ್ಕೋತಿದ್ದೀಯಪ್ಪ?” ಡಾಕ್ಟರಮ್ಮ ಪೀಠಿಕೆಯಿಲ್ಲದೆ ಕೇಳಿದರು.

“ಏನನ್ನ ಮೇಡಂ?”

“ಎಲ್‌ಎಚ್ ಅಂದ್ರೆ ಮೆದುಳಿಂದ ಹೋಗೋ ಆರ್ಡರು, ಸರಕು ತಯಾರಿಸು ಅಂತ. ನಿನ್ನಲ್ಲಿ ಆರ್ಡರೇ ಇಲ್ಲ, ಗೋದಾಮು ತುಂಬಿ ತುಳುಕ್ತಿದೆ. ಅಂದ್ರೆ ಸರಕು ಹೊರಗಿಂದ ಬಂದಿದೆ.”

ಗೂಳಿ ತೋಳು ಮಡಚಿ ತೋರಿಸಿದ. “ನೋಡಿ, ಸೂಜಿ ಗುರುತಿದ್ರೆ ತೋರ್ಸಿ.”

“ಸೊಂಟಕ್ಕೆ ಚುಚ್ಚಿಸ್ಕೊಳೋರೂ ಇದ್ದಾರೆ. ಹೀಗೇ ಬರೆದು ಕಳಿಸಿದ್ರೆ ನಿನ್ನ ಕೆಲಸ ಹೋಯ್ತು. ಅದಕ್ಕೇ ಕರೆಸಿದ್ದು. ಬೇರೆ ಮಾತ್ರೆ, ಪುಡಿ ಏನಾದ್ರೂ ತಗೋತೀಯಾ? ಮೊನ್ನೆ ರಕ್ತ ಕೊಡುವಾಗ ಇಲ್ಲ ಅಂದೆ.”

“ಇಲ್ಲ.”

ಕೈ ಮಾತ್ರ ತಾನಾಗಿ ಟೋಪಿಯ ಮೇಲೆ ಹೋಯಿತು. ಭಾವ ಅದನ್ನು ನೋಡಿದ. ಮನೆಯೊಳಗೂ ಟೋಪಿ ತೆಗೆಯದ ಇವನನ್ನು ಅವನು ಹಲವು ದಿನಗಳಿಂದ ಗಮನಿಸುತ್ತಿದ್ದ.

“ಲೋ, ನಿಮ್ಮಕ್ಕ ಹೊಲಿಗೆ ಯಂತ್ರ ತುಳಿದು ತುಳಿದು ಮಂಡಿ ಕಳ್ಕೊಂಡಳು, ನಿನ್ನ ಓದಿಸಕ್ಕೆ,” ಎಂದ ಭಾವ. ದನಿ ಏರಲಿಲ್ಲ. “ಚುಚ್ಚಿಸ್ಕೊಂಡಿದ್ರೆ ಒಪ್ಕೊ. ಇಲ್ಲಾಂದ್ರೆ ಅದೇನು ಅಂತ ಬಾಯಿ ಬಿಡು. ಅವಳ ಮುಂದೆ ನಿಂತು ಹೇಳೋನು ನಾನು.”

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು.

ಬೆಂಕಿಗೆ ನುಗ್ಗಲು ಹಿಂದೆಮುಂದೆ ನೋಡದವನಿಗೆ ಭಾವನೆದುರು ಟೋಪಿ ತೆಗೆಯಲು ಕೈ ಬರಲಿಲ್ಲ. ಕೊನೆಗೂ ತೆಗೆದ. ನೆತ್ತಿಯ ಮೇಲೆ ಅಂಗೈಯಗಲ ಬಯಲು. ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿ ಮಾತ್ರೆಯ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟ.

“ಕೂದಲಿಗೆ,” ಎಂದ, ನೆಲ ನೋಡುತ್ತ. “ಬೇಗ ಬರ್ಲಿ ಅಂತ ಹೇಳಿದ್ದಕ್ಕಿಂತ ಜಾಸ್ತೀನೇ ನುಂಗ್ತಿದ್ದೆ.”

ಡಾಕ್ಟರಮ್ಮ ಸ್ಟ್ರಿಪ್ ತಿರುಗಿಸಿ ಓದಿ ನಿಟ್ಟುಸಿರುಬಿಟ್ಟರು. “ಬಯೋಟಿನ್, ವಿಟಮಿನ್ ಮಾತ್ರೆ. ಇದು ನಿನ್ನ ಹಾರ್ಮೋನ್ ಕೆಡಿಸಲ್ಲ, ಕೆಲವು ಲ್ಯಾಬಿನ ಪರೀಕ್ಷೆ ಕೆಡಿಸುತ್ತೆ. ಒಂದು ಲೆಕ್ಕಾನ ಸುಳ್ಳುಸುಳ್ಳೇ ಮೇಲೇರಿಸುತ್ತೆ, ಇನ್ನೊಂದನ್ನ ಕೆಳಗಿಳಿಸುತ್ತೆ. ವಾರ ಪೂರ್ತಿ ಮುಟ್ಟಬೇಡ, ಆಮೇಲೆ ಬೆಳಿಗ್ಗೆ ಬಂದು ಮತ್ತೆ ರಕ್ತ ಕೊಡು. ಆಗ್ಲೂ ಹೀಗೇ ಬಂದ್ರೆ ನನ್ನ ಕೈಲಿ ಏನೂ ಇಲ್ಲ.”

ಆ ವಾರ ಗೂಳಿಗೆ ಅನ್ನ ಸೇರಲಿಲ್ಲ. ಮೆಷೀನು ಎರಡನೇ ಸಲವೂ ಸುಳ್ಳು ಹೇಳಿದರೆ ಯಾರ ಕಾಲು ಹಿಡಿಯುವುದು? ಕೂದಲು ಉದುರುವುದನ್ನೂ ಅವನು ಮರೆತ. ಭಾವ ಮನೆಯಲ್ಲಿ ಯಾರಿಗೂ ನೆತ್ತಿಯ ಸುದ್ದಿ ಹೇಳಲಿಲ್ಲ. ಅದು ಗೂಳಿಯನ್ನು ಇನ್ನಷ್ಟು ಕೊರೆಯಿತು.

ಎರಡನೇ ಫಲಿತಾಂಶ ಬಂದಾಗ ಗೂಳಿ ಮೊಬೈಲ್ ಮುಟ್ಟಲಿಲ್ಲ. ಭಾವನೊಂದಿಗೆ ನೇರ ಡಾಕ್ಟರಮ್ಮನ ಎದುರು ಹೋಗಿ ನಿಂತ. ಅವರು ಮೇಲಿನ ಸಾಲು ನೋಡಿದರು, ಕೆಳಗಿನದನ್ನೂ ನೋಡಿದರು.

“ಎರಡೂ ಎಲ್ಲರ ಹಾಗೇ ಇದೆ. ಕೆಲಸಕ್ಕೆ ಹೋಗು.”

ಗೂಳಿ ಕೈ ಮುಗಿದ. ಹೊರಡುವ ಮುನ್ನ ಮೆತ್ತಗೆ ಕೇಳಿದ: “ಮಾತ್ರೆ ಮತ್ತೆ ತಗೋಬಹುದಾ ಮೇಡಂ?”

“ಅದರಿಂದ ಕೂದಲು ಬರುತ್ತೆ ಅಂತ ನಾನೆಲ್ಲಿ ಹೇಳಿದೆ?”

ಭಾವ ಬಾಗಿಲು ತೆರೆದು ಹಿಡಿದ. “ನಡಿಯಪ್ಪ ಹುಣ್ಣಿಮೆ,” ಎಂದ. “ನಾನಿನ್ನು ರಿಟೈರಾದೆ.”